ಶಬ್ದದ ವೇಗವೂ ಗಾಳಿಯ ಕಾವೂ

2020ನೆಯ ಇಸವಿ ಮೇ ತಿಂಗಳ 20ನೆಯ ತಾರೀಖು ಬುಧವಾರ, ಮಧ್ಯಾಹ್ನ ಒಂದೂವರೆ ಗಂಟೆಗೆ ತುಸು ಮುಂಚೆ, ಬೆಂಗಳೂರಿನ ಅನೇಕ ಬಡಾವಣೆಗಳ ಜನರು ಬೆಚ್ಚಿಬೀಳುವಂತೆ ಒಂದು ಮಹಾಶಬ್ದವು ಕೇಳಿಬಂದಿತು. ಅದು ಸಾಂಕ್ರಾಮಿಕದ ಕಾಲ. ಬೀದಿಗಳಲ್ಲಿ ಎಂದಿನ ಗಾಡಿಗಳ ಗದ್ದಲವಿರಲಿಲ್ಲ. ಬಹುಮಂದಿ ಗೃಹಸ್ಥರು ಮನೆಯೊಳಗೇ ಇದ್ದರು. ಮೊದಲೇ ಮನಸ್ಸಿನಲ್ಲಿ ನಾನಾ ಬಗೆಯ ಅಳುಕು ತುಂಬಿದ್ದ ಆ ದಿನಗಳಲ್ಲಿ ಕಿಟಕಿಬಾಗಿಲುಗಳು ಅದುರಿದರೆ ಹೇಗಾಗಬೇಡ? ಭೂಕಂಪವೆಂದರು ಕೆಲವರು, ಎಲ್ಲಿಯೋ ಕಾರ್ಖಾನೆ ಸಿಡಿಯಿತೆಂದರು ಮತ್ತೆ ಕೆಲವರು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ತಮ್ಮ ಭೂಕಂಪಮಾಪಕಗಳನ್ನು ನೋಡಿ, ನೆಲ ನಡುಗಿದ ಗುರುತೇನೂ ಇಲ್ಲವೆಂದು ತಿಳಿಸಿದರು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯಿಂದ ಪ್ರಕಟನೆ ಬಂದಿತು. ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆಯಾದ ಎ.ಎಸ್.ಟಿ.ಇ.ಗೆ ಸೇರಿದ ವಿಮಾನವೊಂದು ಎಂದಿನ ಪರೀಕ್ಷೆಗಾಗಿ ಬೆಂಗಳೂರಿನಿಂದ ಹೊರಟು, ನಗರದ ಎಲ್ಲೆಯಿಂದ ಬಹು ಆಚೆ ತನಗೆ ಗೊತ್ತುಮಾಡಿದ್ದ ಆಕಾಶಭಾಗದಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರಿತ್ತು; 36,000ದಿಂದ 40,000 ಅಡಿಗಳ ಎತ್ತರದಲ್ಲಿ ಅದು ವೇಗವನ್ನು ತಗ್ಗಿಸುತ್ತಿದ್ದಾಗ ಎದ್ದ ಸದ್ದೇ ಜನರ ಕಿವಿಗೆ ಬಿದ್ದಿರಬೇಕು; ಇಂಥ ಸದ್ದು ವಿಮಾನವು 65ರಿಂದ 80 ಕಿಲೋಮೀಟರು ದೂರದಲ್ಲಿದ್ದರೂ ಕೇಳಿಸಬಹುದು; ಆ ದಿನದ ವಾತಾವರಣದ ಸ್ಥಿತಿಯೂ ನಗರದ ನಿಶ್ಶಬ್ದವೂ ಅದಕ್ಕೆ ಸಹಾಯ ಮಾಡಿರಬೇಕು, ಎಂಬುದು ಅದರ ಸಾರಾಂಶ.

ಮರುವರ್ಷ, ಅಂದರೆ 2021ನೆಯ ನವೆಂಬರ್ 26ರ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ, ನಮ್ಮ ಪಶ್ಚಿಮ ದಿಕ್ಕಿಗೇ ಅಂಥ ಸರದಿ ಬಂದಿತು. ಕೆಂಗೇರಿ, ಹೆಮ್ಮಿಗೆಪುರ, ಜ್ಞಾನಭಾರತಿ, ರಾಜರಾಜೇಶ್ವರಿನಗರ, ಕಗ್ಗಲೀಪುರಗಳ ಜನರು ದೊಡ್ಡ ಸದ್ದಿನೊಡನೆ ಮನೆ ಅದುರಿತೆಂದು ಹೇಳಿದರು. ಭೂಕಂಪಮಾಪಕಗಳಲ್ಲಿ ಭೂಕಂಪದ ಗುರುತು ಆಗಲೂ ಇರಲಿಲ್ಲ. ವಿಜಯನಗರಕ್ಕೆ ಹೊಂದಿಕೊಂಡಿರುವ ಆರ್‌ಪಿಸಿ ಲೇಔಟಿಗೆ ಕೆಂಗೇರಿಯು ಹತ್ತು ಕಿಲೋಮೀಟರಿಗಿಂತಲೂ ಹತ್ತಿರ. ಆದುದರಿಂದ ಇಲ್ಲಿಯ ಗೃಹಸ್ಥರೂ ಇಂಥ ಸದ್ದುಗಳ ಸ್ವಭಾವವನ್ನು ಅಷ್ಟಿಷ್ಟು ತಿಳಿದುಕೊಂಡಿರುವುದು ಅನಾವಶ್ಯಕವೇನೂ ಅಲ್ಲ.

ಮೇ ತಿಂಗಳ ಪ್ರಕಟನೆಯಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಒಂದು, ವಿಮಾನದ ಎತ್ತರ. ಮತ್ತೊಂದು, ವಾತಾವರಣದ ಸ್ಥಿತಿ. ಶಬ್ದಕ್ಕಿಂತ ವೇಗವಾಗಿ ಹಾರುವುದೆಂದರೆ ಯಾವ ಶಬ್ದಕ್ಕಿಂತ? ನೆಲದ ಮೇಲೆ ನಾವು ಕೇಳುವ ಶಬ್ದಕ್ಕಿಂತಲೋ, ಹನ್ನೊಂದು ಹನ್ನೆರಡು ಕಿಲೋಮೀಟರು ಮೇಲಿನ ಶಬ್ದಕ್ಕಿಂತಲೋ? ಇವೆರಡೂ ಒಂದೇ ವೇಗದವಲ್ಲ. ಮೇಲೆ ಶಬ್ದ ನಿಧಾನ, ಕೆಳಗೆ ಬೇಗ. ಕಾರಣವೇನೆಂದು ಕೇಳಿದರೆ ಓದುಬಲ್ಲವರು ಕೂಡ ಥಟ್ಟನೆ, “ಮೇಲೆ ಗಾಳಿ ತೆಳುವಲ್ಲವೆ, ಅದಕ್ಕೇ” ಎಂದುಬಿಡುವರು. ಈ ಉತ್ತರವು ಕೇಳುವುದಕ್ಕೆ ಒಪ್ಪುವಂತಿದೆ, ಆದರೆ ನಿಜವಲ್ಲ. ಗಾಳಿ ತೆಳುವಾಗಿರುವುದಕ್ಕೂ ಶಬ್ದ ನಿಧಾನವಾಗುವುದಕ್ಕೂ ಸಂಬಂಧವೇ ಇಲ್ಲವೆಂದು ಹೇಳಿದರೆ ಹೆಚ್ಚು ತಪ್ಪಾಗಲಾರದು. ಅಲ್ಲಿ ಶಬ್ದವನ್ನು ನಿಧಾನಗೊಳಿಸುವುದು ಚಳಿ, ಚಳಿಯೊಂದೇ.

ಇದನ್ನು ತಿಳಿಯಲು ಶಬ್ದವು ಗಾಳಿಯಲ್ಲಿ ಹೇಗೆ ಸಾಗುವುದೆಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮೈಸೂರಿನ ಅರಮನೆಯ ಬಳಿ ದಸರೆಯ ಕುಶಾಲತೋಪು ಹಾರಿಸುವುದನ್ನು ದೂರದಿಂದ ನೋಡಿದವರಿಗೆ ಗೊತ್ತಿದೆ: ಹೊಗೆ ಮೊದಲು ಕಾಣುವುದು, ಸದ್ದು ಆಮೇಲೆ ಬರುವುದು. ತೋಪಿನ ಬಾಯಲ್ಲಿದ್ದ ಗಾಳಿಯೇ ನಮ್ಮ ಕಿವಿಯ ತನಕ ಓಡಿಬರುವುದಿಲ್ಲ. ಅಲ್ಲಿಯ ಗಾಳಿಯ ಕಣಗಳು ಪಕ್ಕದ ಕಣಗಳನ್ನು ತಳ್ಳುವುವು, ಅವು ತಮ್ಮ ಪಕ್ಕದವನ್ನು ತಳ್ಳುವುವು. ಹೀಗೆ ತಳ್ಳಾಟದ ಸುದ್ದಿ ಮಾತ್ರ ಮುಂದೆ ಮುಂದೆ ಹೋಗುವುದು.

ಹಿಂದೆ ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಅಂಚೆಯ ಏರ್ಪಾಡು ಇದ್ದುದನ್ನು ವಾಚಕರು ಕೇಳಿರಬಹುದು. ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಟಪಾಲಿನೊಡನೆ ಸೇರಿಹೋಯಿತು. ಒಬ್ಬ ಓಟಗಾರನು ಚೀಲವನ್ನು ಹೊತ್ತು ಮುಂದಿನ ಕಟ್ಟೆಯವರೆಗೆ ಓಡುವನು. ಅಲ್ಲಿ ಕಾದಿದ್ದವನು ಅದನ್ನು ತೆಗೆದುಕೊಂಡು ಮತ್ತೊಂದು ಕಟ್ಟೆಗೆ ಓಡುವನು. ಈಗ ಓಟಗಾರರ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದೆವೆನ್ನೋಣ. ಎರಡು ಮೈಲಿಗೊಬ್ಬನಿದ್ದ ಕಡೆ ನಾಲ್ಕು ಮೈಲಿಗೊಬ್ಬನಾದನು. ಅವನು ದಣಿಯದೆ ಹಿಂದಿನಷ್ಟೇ ವೇಗದಲ್ಲಿ ಓಡುವನಾದರೆ ಚೀಲವು ಮೈಸೂರಿನಿಂದ ಬೆಂಗಳೂರಿಗೆ ಬರಲು ಹಿಡಿಯುವ ಹೊತ್ತು ಹೆಚ್ಚಾಗುವುದೆ? ಇಲ್ಲ. ಕೈಬದಲಾವಣೆ ಕಡಮೆಯಾಯಿತು, ಅಷ್ಟೆ. ಚೀಲ ಬೇಗ ಬರಬೇಕಾದರೆ ಓಟಗಾರರ ಕಾಲು ಚುರುಕಾಗಬೇಕು. ಅವರ ಸಂಖ್ಯೆಯಿಂದ ಏನೂ ಆಗದು. ಗಾಳಿಯ ಕಣಗಳ ವಿಷಯವೂ ಹೀಗೆಯೆ. ತೆಳುವಾದ ಗಾಳಿಯಲ್ಲಿ ಕಣವು ಮತ್ತೊಂದು ಕಣವನ್ನು ಮುಟ್ಟುವುದಕ್ಕೆ ಹೆಚ್ಚು ದೂರ ಹೋಗಬೇಕು, ಆದರೆ ಆ ದೂರವನ್ನು ತಾನೇ ಓಡಿ ಮುಗಿಸುವುದು. ಕಣಗಳ ಕಾಲಿನ ಚುರುಕೆಂದರೆ ಗಾಳಿಯ ಕಾವು. ಕಾವೆಂಬುದು ಕಣಗಳ ಓಡಾಟದ ಹೆಸರೇ ಹೊರತು ಬೇರೆಯಲ್ಲ. ಬೆಂಗಳೂರಿನ ಸಾಧಾರಣ ಬಿಸಿಲಿನಲ್ಲಿ ಅವು ಸೆಕೆಂಡಿಗೆ ಸರಾಸರಿ ಸುಮಾರು 470 ಮೀಟರುಗಳಂತೆ ಓಡುತ್ತಿರುವುವು, ಆದರೆ ಅಡ್ಡದಿಡ್ಡಿಯಾಗಿ. ಆದುದರಿಂದಲೇ ಅವು ಒಯ್ಯುವ ಸುದ್ದಿಯ ವೇಗ ಅದಕ್ಕಿಂತ ಸ್ವಲ್ಪ ಕಡಮೆ.

ಈ ವಿಷಯವನ್ನು ಗಣಿತದಿಂದ ಮೊದಲು ಸಾಧಿಸಹೊರಟವರು ಸರ್ ಐಸಾಕ್ ನ್ಯೂಟನ್ ಅವರು. ಗಾಳಿಯ ಒತ್ತಡವನ್ನು ಅದರ ಸಾಂದ್ರತೆಯಿಂದ ಭಾಗಿಸಿ ವರ್ಗಮೂಲವನ್ನು ತೆಗೆದರೆ ಶಬ್ದದ ವೇಗ ಸಿಕ್ಕುವುದೆಂದು ಅವರು ಹೇಳಿದರು. ಎತ್ತರಕ್ಕೆ ಹೋದಂತೆ ಒತ್ತಡವೂ ಇಳಿಯುವುದು, ಸಾಂದ್ರತೆಯೂ ಇಳಿಯುವುದು, ಕಾವು ಒಂದೇ ಆಗಿದ್ದರೆ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುವುವು, ಭಾಗಲಬ್ಧ ಕದಲುವುದಿಲ್ಲ. ಎತ್ತರವು ತಾನಾಗಿ ಏನನ್ನೂ ಮಾಡಲಾರದೆಂಬುದು ಅಲ್ಲಿಯೇ ಅಡಗಿತ್ತು. ಆದರೆ ನ್ಯೂಟನ್ ಅವರ ಲೆಕ್ಕದಲ್ಲಿ ಶಬ್ದದ ವೇಗ ಸೆಕೆಂಡಿಗೆ 979 ಅಡಿ ಬಂದಿತು. ಇಂಗ್ಲೆಂಡಿನಲ್ಲಿ ಡೆರಹಮ್ ಎಂಬ ಪಾದ್ರಿಯವರು ತೋಪಿನ ಸದ್ದಿನಿಂದ ಅಳೆದುದು 1142 ಅಡಿ. ಇಷ್ಟು ದೊಡ್ಡ ಅಂತರವನ್ನು ಮುಚ್ಚಲು ಆ ಮಹಾನುಭಾವರು ಗಾಳಿಯ ಕಣಗಳ ದಪ್ಪ, ಗಾಳಿಯಲ್ಲಿರುವ ನೀರಿನ ಆವಿ ಮುಂತಾದ ನೆಪಗಳನ್ನು ಹುಡುಕಿದರು. ಇಂಥ ಬುದ್ಧಿಶಾಲಿಗೂ ಹೀಗೆ ತೇಪೆ ಹಾಕಬೇಕಾಯಿತಲ್ಲ ಎಂದು ಓದುವಾಗ ಆಶ್ಚರ್ಯವಾಗುತ್ತದೆ. ನಿಜವಾದ ಕಾರಣವನ್ನು 1816ರಲ್ಲಿ ಫ್ರಾನ್ಸಿನ ಲಾಪ್ಲಾಸ್ ಅವರು ತೋರಿಸಿಕೊಟ್ಟರು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳವು ಬಿಸಿಯಾಗುವುದನ್ನು ಮನೆಯ ಹುಡುಗರೂ ಬಲ್ಲರು. ಗಾಳಿಯನ್ನು ಥಟ್ಟನೆ ಅದುಮಿದರೆ ಅದು ಬಿಸಿಯಾಗುವುದು, ಬಿಸಿಯಾದುದು ಇನ್ನೂ ಬಿರುಸಾಗಿ ಪುಟಿಯುವುದು. ಶಬ್ದದ ತೆರೆಯೂ ಗಾಳಿಯನ್ನು ಥಟ್ಟನೆ ಅದುಮಿ ಬಿಡುವುದಾದ್ದರಿಂದ ಈ ಕ್ಷಣಿಕವಾದ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಹಿಡಿದಾಗ ವೇಗವು ನೂರಕ್ಕೆ 18ರಷ್ಟು ಹೆಚ್ಚಿ, ಲೆಕ್ಕವೂ ಅಳತೆಯೂ ಕೂಡಿಕೊಂಡುವು.

ಅಳತೆಗಾರರು ಇದಕ್ಕೂ ಮುಂಚೆಯೇ ದಾರಿಯನ್ನು ಕಂಡಿದ್ದರು. 1740ರಲ್ಲಿ ಇಟಲಿಯ ಬೊಲೋನ್ಯದಲ್ಲಿ ಬಿಯಾಂಕೋನಿ ಎಂಬವರು ಬೇಸಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ ಒಂದೇ ದೂರಕ್ಕೆ ತೋಪಿನ ಸದ್ದನ್ನು ಅಳೆದು, ಬೇಸಗೆಯಲ್ಲಿ ಅದು ಬೇಗ ಬರುವುದೆಂದು ತೋರಿಸಿದರು. ನಮ್ಮ ನೆರೆಯ ಮದರಾಸಿನಲ್ಲಿ ಕೂಡ ಇಂಥ ಕೆಲಸ ನಡೆದಿದೆ. ಅಲ್ಲಿಯ ಖಗೋಳವೀಕ್ಷಣಾಲಯದ ಗೋಲ್ಡಿಂಗಮ್ ಎಂಬ ಖಗೋಳಜ್ಞರು ಸೇಂಟ್ ಜಾರ್ಜ್ ಕೋಟೆಯಲ್ಲಿಯೂ ಸೇಂಟ್ ಥಾಮಸ್ ಬೆಟ್ಟದಲ್ಲಿಯೂ ಬೆಳಗ್ಗೆ ಸಂಜೆ ಹಾರಿಸುತ್ತಿದ್ದ ತೋಪುಗಳನ್ನೇ ಉಪಯೋಗಿಸಿಕೊಂಡು, ಕಿಡಿ ಕಂಡ ಕ್ಷಣದಿಂದ ಸದ್ದು ಕೇಳುವ ಕ್ಷಣದವರೆಗೆ ಎಣಿಸಿ, ತಿಂಗಳು ತಿಂಗಳಿನ ವೇಗವನ್ನು ಬರೆದಿಟ್ಟರು. 1823ರಲ್ಲಿ ಲಂಡನ್ನಿನಲ್ಲಿ ಅದು ಪ್ರಕಟವಾಯಿತು. ಬೆಟ್ಟದ ತೋಪು ಅವರಿಂದ ಸುಮಾರು 9 ಕಿಲೋಮೀಟರು ದೂರ. ಆ ಸದ್ದು ಬರಲು ಇಪ್ಪತ್ತೈದು ಸೆಕೆಂಡುಗಳಿಗೂ ಮಿಕ್ಕಿ ಹಿಡಿಯುತ್ತಿತ್ತು. ಚಳಿಯ ತಿಂಗಳುಗಳಲ್ಲಿ ಸೆಕೆಂಡಿಗೆ ಸುಮಾರು 1100 ಅಡಿಯಿದ್ದ ವೇಗ ಜುಲೈ ತಿಂಗಳಲ್ಲಿ 1160ನ್ನು ದಾಟಿತು. ಮದರಾಸಿನ ಚಳಿಗೂ ಸೆಕೆಗೂ ಇರುವ ವ್ಯತ್ಯಾಸದಿಂದ ಹತ್ತು ಹನ್ನೆರಡು ಅಡಿಗಿಂತ ಹೆಚ್ಚಿನ ಅಂತರ ಬರುವಂತಿಲ್ಲ; ಉಳಿದುದಕ್ಕೆ ಬೀಸುಗಾಳಿಯನ್ನೂ ಕೇಳುವವರ ಕಿವಿ ಕೈಗಳ ತಡವನ್ನೂ ಹೊಣೆಮಾಡಬೇಕು. ಆದರೂ ತಿಂಗಳು ತಿಂಗಳು ಬೇಸರವಿಲ್ಲದೆ ತೋಪಿಗೆ ಕಾದು ಕುಳಿತ ಆ ಶ್ರದ್ಧೆಯನ್ನು ಮೆಚ್ಚದಿರಲಾಗದು.

ಎತ್ತರವನ್ನೇ ನೇರವಾಗಿ ಪರೀಕ್ಷಿಸಿದವರು ಬ್ರಾವೇ ಮತ್ತು ಮಾರ್ಟಿನ್ಸ್ ಎಂಬ ಇಬ್ಬರು ಫ್ರೆಂಚ್ ವಿದ್ವಾಂಸರು. 1844ರಲ್ಲಿ ಸ್ವಿಟ್ಸರ್ಲೆಂಡಿನ ಫೌಲ್‌ಹಾರ್ನ್ ಪರ್ವತದ ತುದಿಯಲ್ಲೊಬ್ಬರು, ಅಲ್ಲಿಂದ ಎರಡು ಸಾವಿರ ಮೀಟರುಗಳಷ್ಟು ಕೆಳಗೆ ಬ್ರಿಯೆಂಟ್ಸ್ ಸರೋವರದ ಬಳಿ ಮತ್ತೊಬ್ಬರು ನಿಂತು, ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಸದ್ದನ್ನು ಕಳುಹಿಸಿ ಅಳೆದರು. ಹತ್ತುವ ಸದ್ದಿಗೂ ಇಳಿಯುವ ಸದ್ದಿಗೂ ವೇಗದಲ್ಲಿ ಭೇದ ಕಾಣಲಿಲ್ಲ. ಕಾವನ್ನು ಕಳೆದು ಲೆಕ್ಕಹಾಕಿದಾಗ ದೊರೆತ ವೇಗ ಬಯಲುಸೀಮೆಯಲ್ಲಿ ಅಳೆದವರ ವೇಗವೇ ಆಗಿತ್ತು.

ಇನ್ನು ನಮ್ಮ ಮನೆಬಾಗಿಲಿನ ಲೆಕ್ಕಕ್ಕೆ ಬರೋಣ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಕಾವಿನ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ 331 ಮೀಟರು ಹೋಗುವುದು. ಮೇಲೆ ಒಂದೊಂದು ಡಿಗ್ರಿಗೂ ಸುಮಾರು 60 ಸೆಂಟಿಮೀಟರು ಸೇರಿಸಿಕೊಂಡು ಹೋದರೆ ಗೃಹಕೃತ್ಯಕ್ಕೆ ಸಾಕಾದ ಉತ್ತರ ಸಿಕ್ಕುವುದು. ಜನವರಿಯ ಮುಂಜಾನೆ ಆರ್‌ಪಿಸಿ ಲೇಔಟಿನಲ್ಲಿ 15 ಡಿಗ್ರಿ ಇದ್ದರೆ ವೇಗ 340 ಮೀಟರು; ಏಪ್ರಿಲಿನ ಮಧ್ಯಾಹ್ನ 34 ಡಿಗ್ರಿ ಇದ್ದರೆ 351 ಮೀಟರು. ಈ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದ್ದು, ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಹತ್ತರಲ್ಲೊಂದು ಪಾಲು ಕಡಮೆ. ಹಾಗಿದ್ದರೂ ಎರಡೂ ಊರುಗಳಲ್ಲಿ ಕಾವು 30 ಡಿಗ್ರಿಯೇ ಆಗಿದ್ದ ಗಳಿಗೆಯಲ್ಲಿ ಶಬ್ದ ಎರಡೂ ಕಡೆ 349 ಮೀಟರಿನಂತೆಯೇ ಓಡುವುದು. ಕರಾವಳಿಯ ತೇವವು ಅದನ್ನು ಎಳ್ಳಷ್ಟು ಚುರುಕುಗೊಳಿಸಬಹುದು, ಏಕೆಂದರೆ ನೀರಿನ ಆವಿ ಗಾಳಿಗಿಂತ ಹಗುರ. ಆದರೆ ಅದು ಒಂದೆರಡು ಮೀಟರಿನ ಮಾತು. ರಾಜ್ಯದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯ 1,930 ಮೀಟರಿನ ತುದಿಯಲ್ಲಿ ಸಾಮಾನ್ಯವಾಗಿ ಮಂಗಳೂರಿಗಿಂತ ಹನ್ನೆರಡು ಡಿಗ್ರಿ ತಂಪು. ಅದಕ್ಕೇ ಅಲ್ಲಿ ಶಬ್ದವು ಏಳು ಮೀಟರು ಹಿಂದೆ ಬೀಳುವುದು. ಬೆಟ್ಟದ ಎತ್ತರವು ತಂಪನ್ನು ತಂದಿತು, ತಂಪು ಶಬ್ದವನ್ನು ತಡೆಯಿತು.

ಇದು ಬರಿಯ ಮಾತಿನ ಚಮತ್ಕಾರವಲ್ಲವೆಂಬುದಕ್ಕೆ ಆಕಾಶವೇ ಸಾಕ್ಷಿ. ನಮ್ಮ ತಲೆಯ ಮೇಲೆ ಹದಿನಾರು ಹದಿನೇಳು ಕಿಲೋಮೀಟರಿನವರೆಗೆ ಗಾಳಿ ತಣ್ಣಗಾಗುತ್ತ ಹೋಗಿ ಸೊನ್ನೆಗಿಂತ 80 ಡಿಗ್ರಿ ಕೆಳಗೆ ಮುಟ್ಟುವುದು. ಅಲ್ಲಿ ಶಬ್ದದ ವೇಗ 280 ಮೀಟರಿಗೂ ಇಳಿಯುವುದು. ಅದರಾಚೆಗೆ, ಸೂರ್ಯನ ಕಿರಣಗಳನ್ನು ಹೀರುವ ಓಜೋನಿನ ದೆಸೆಯಿಂದ ಗಾಳಿ ಪುನಃ ಬೆಚ್ಚಗಾಗುತ್ತ ಹೋಗಿ, ಸುಮಾರು 50 ಕಿಲೋಮೀಟರು ಎತ್ತರದಲ್ಲಿ ಸೊನ್ನೆ ಡಿಗ್ರಿಗೆ ಹತ್ತಿರವಾಗುವುದು. ಅಲ್ಲಿಯ ಗಾಳಿಯ ಒತ್ತಡ ನೆಲದ ಮೇಲಿನದರ ಸಾವಿರದಲ್ಲೊಂದು ಪಾಲೂ ಇಲ್ಲ. ಆದರೂ ಅಲ್ಲಿ ಶಬ್ದ 330 ಮೀಟರಿನ ವೇಗಕ್ಕೆ ಮರಳುವುದು! ತೆಳುವಾದ ಗಾಳಿಯೇ ಕಾರಣವಾಗಿದ್ದರೆ ಅಲ್ಲಿ ಶಬ್ದವು ತೆವಳಬೇಕಾಗಿತ್ತು.

ವಿಮಾನದವರಿಗೆ ಈ ಭೇದದಿಂದ ಲಾಭವೂ ಉಂಟು, ತೊಡಕೂ ಉಂಟು. ವಿಮಾನದ ವೇಗವನ್ನು ಅದಿರುವ ಸ್ಥಳದ ಶಬ್ದವೇಗದಿಂದ ಭಾಗಿಸಿದ ಸಂಖ್ಯೆಗೆ, ಆಸ್ಟ್ರಿಯದ ವಿಜ್ಞಾನಿ ಅರ್ನ್ಸ್ಟ್ ಮಾಖ್ ಅವರ ಹೆಸರಿನಿಂದ, ಮಾಖ್ ಸಂಖ್ಯೆ ಎನ್ನುವರು. 1947ನೆಯ ಅಕ್ಟೋಬರ್ 14ರಂದು ಅಮೆರಿಕದ ಚಕ್ ಯೇಗರ್ ಅವರು ಮೊತ್ತಮೊದಲು ಶಬ್ದವನ್ನು ಹಿಂದೆಹಾಕಿದಾಗ ಅವರ ವಿಮಾನ ಸುಮಾರು 13 ಕಿಲೋಮೀಟರು ಎತ್ತರದಲ್ಲಿದ್ದು ಗಂಟೆಗೆ 1,127 ಕಿಲೋಮೀಟರಿನಂತೆ ಹಾರುತ್ತಿತ್ತು. ಮಾಖ್ ಸಂಖ್ಯೆ 1.06. ಅದೇ ವೇಗದಲ್ಲಿ ಅವರು ಮೈಸೂರು ರಸ್ತೆಯ ಮೇಲೆ ತಗ್ಗಿನಲ್ಲಿ ಹಾರಿದ್ದರೆ ಶಬ್ದವನ್ನು ದಾಟುತ್ತಿರಲಿಲ್ಲ, ಏಕೆಂದರೆ ಬೇಸಗೆಯ ಮಧ್ಯಾಹ್ನ ಇಲ್ಲಿ ಶಬ್ದದ ವೇಗ ಗಂಟೆಗೆ 1,260 ಕಿಲೋಮೀಟರು. ಬೆಂಗಳೂರಿಗೂ ಈ ಸಾಹಸಗಳಿಗೂ ನಂಟು ಹಳೆಯದು. ಹಿಂದೂಸ್ತಾನ್ ಏರೊನಾಟಿಕ್ಸ್‌ನ ಕಾರ್ಖಾನೆಯಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರಚಿತವಾದ ಮಾರುತ್ ಎಂಬ ಯುದ್ಧವಿಮಾನವನ್ನು 1961ನೆಯ ಜೂನ್ 17ರಂದು ಸುರಂಜನ್ ದಾಸ್ ಅವರು ಮೊದಲ ಬಾರಿ ಹಾರಿಸಿದರು. ಅದು ಶಬ್ದದ ಇಮ್ಮಡಿ ವೇಗಕ್ಕೆಂದು ಎಣಿಸಿ ಮಾಡಿದ ಆಕಾರ. ತಕ್ಕ ಶಕ್ತಿಯ ಎಂಜಿನು ದೊರೆಯದೆ ಶಬ್ದದ ವೇಗದ ಹೊಸ್ತಿಲಿನಲ್ಲಿಯೇ ನಿಂತಿತು. ದಾಸ್ ಅವರು 1970ರ ಜನವರಿಯಲ್ಲಿ ಅದೇ ಜಾತಿಯ ವಿಮಾನದ ಪರೀಕ್ಷೆಯಲ್ಲಿ ಪ್ರಾಣ ಕಳೆದುಕೊಂಡರು. ಹಳೆಯ ವಿಮಾನ ನಿಲ್ದಾಣದ ಬಳಿಯ ರಸ್ತೆಗೆ ಅವರ ಹೆಸರಿದೆ. ಇಲ್ಲಿಯೇ ರೂಪುಗೊಂಡು 2001ನೆಯ ಜನವರಿ 4ರಂದು ಮೊದಲು ಹಾರಿದ ತೇಜಸ್ ವಿಮಾನವು 2003ನೆಯ ಆಗಸ್ಟ್ 1ರಂದು ಶಬ್ದವೇಗವನ್ನು ದಾಟಿತು.

ಈಗ ಮೊದಲಿನ ಸದ್ದಿಗೆ ಮರಳೋಣ. ಶಬ್ದಕ್ಕಿಂತ ಮುಂದಾಗಿ ಹೋಗುವ ವಿಮಾನಕ್ಕೆ ತನ್ನ ಮುಂದಿನ ಗಾಳಿಗೆ ಎಚ್ಚರಿಕೆ ಕೊಡಲು ಸಾಧ್ಯವಿಲ್ಲ. ನೀರಿನಲ್ಲಿ ದೋಣಿ ಭರದಿಂದ ಸಾಗುವಾಗ ಎರಡು ಪಕ್ಕಗಳಿಗೆ ಏಳುವ ತೆರೆಯಂತೆ, ಅದರ ಸದ್ದೆಲ್ಲವೂ ಒತ್ತಾಗಿ ಸೇರಿ ಒಂದು ಚೂಪಾದ ತೆರೆಯಾಗಿ ಹಿಂದೆ ಹರಡುವುದು. ಆ ತೆರೆ ತಲೆಯ ಮೇಲೆ ಹಾದಾಗ ಒಂದು, ಕೆಲವೊಮ್ಮೆ ಬೆನ್ನಿಗೇ ಇನ್ನೊಂದು ಧಡಾರೆಂಬ ಪೆಟ್ಟು ಕೇಳಿಸುವುದು. ಪತ್ರಿಕೆಗಳು ಸಾನಿಕ್ ಬೂಮ್ ಎಂದು ಕರೆದುದು ಇದನ್ನೇ. ವಿಮಾನವು ಶಬ್ದವೇಗವನ್ನು ದಾಟುವ ಒಂದು ಕ್ಷಣದಲ್ಲಿ ಮಾತ್ರ ಇದು ಸಿಡಿಯುವುದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ವೇಗವಿರುವಷ್ಟು ಹೊತ್ತೂ ಅದನ್ನು ಎಳೆದುಕೊಂಡೇ ಹೋಗುವುದು. ಆ ದಾರಿಯಲ್ಲಿರುವ ಊರುಗಳಿಗೆಲ್ಲ ಒಂದೊಂದಾಗಿ ಪೆಟ್ಟು ಬೀಳುವುದು.

ಆದರೆ ಆ ಪೆಟ್ಟು ನೆಲವನ್ನು ಮುಟ್ಟಲೇಬೇಕೆಂಬ ನಿಯಮವಿಲ್ಲ. ಕಾವಿನ ಕೈವಾಡ ಇಲ್ಲಿಯೇ ತೋರುವುದು. 36,000 ಅಡಿಗಳಾಚೆ, ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 300 ಮೀಟರು, ಎಂದರೆ ಗಂಟೆಗೆ 1,080 ಕಿಲೋಮೀಟರು. ಕೆಳಗಿಳಿದಂತೆ ಗಾಳಿ ಬೆಚ್ಚಗಾಗಿ ಶಬ್ದ ಬೇಗಬೇಗನೆ ಓಡುವುದು. ತೆರೆಯೊಂದರ ಕೆಳಗಿನ ಅಂಚು ಬೇಗ, ಮೇಲಿನ ಅಂಚು ನಿಧಾನ ಎಂದಾದಾಗ ಅದು ನೇರವಾಗಿ ಹೋಗಲಾರದು. ಜೋಡೆತ್ತಿನ ಗಾಡಿಯಲ್ಲಿ ಬಲದ ಎತ್ತು ಬಿರುಸಾಗಿ ನಡೆದರೆ ಗಾಡಿ ಎಡಕ್ಕೆ ತಿರುಗುವಂತೆ ಶಬ್ದದ ದಾರಿಯೂ ಮೇಲಕ್ಕೆ ಬಾಗುವುದು. ಬಾಗಿ ಬಾಗಿ, ನೆಲವನ್ನು ಮುಟ್ಟುವ ಮೊದಲೇ ಮೇಲಕ್ಕೆ ತಿರುಗಿಬಿಡುವುದೂ ಉಂಟು. ಬೀಸುಗಾಳಿಯ ಮಾತನ್ನು ಬಿಟ್ಟರೆ ಇದಕ್ಕೆ ಸರಳವಾದ ಒಂದು ಲೆಕ್ಕವಿದೆ: ಸಮಮಟ್ಟದಲ್ಲಿ ಹಾರುವ ವಿಮಾನವು ನೆಲದ ಮೇಲಿನ ಶಬ್ದವೇಗವನ್ನೂ ಮೀರಿದ್ದರೆ ಮಾತ್ರ ಪೆಟ್ಟು ನೆಲಕ್ಕೆ ಬೀಳುವುದು. ಗಂಟೆಗೆ 1,200 ಕಿಲೋಮೀಟರಿನಂತೆ ಹಾರುವ ವಿಮಾನ ಅಷ್ಟೆತ್ತರದಲ್ಲಿ ಶಬ್ದವನ್ನು ದಾಟಿರುವುದು ನಿಜ. ಮೇ ತಿಂಗಳ ಮಧ್ಯಾಹ್ನದ 33 ಡಿಗ್ರಿ ಸೆಕೆಯಲ್ಲಿ ಕೆಳಗಿನವರಿಗೆ ಅದರ ಸುಳಿವೇ ಹತ್ತದು. ಅದಕ್ಕಿಂತ ವೇಗವಾದರೆ, ಇಲ್ಲವೆ ಮೂಗನ್ನು ಕೆಳಗೆ ಮಾಡಿ ಹಾರಿದರೆ, ಅಥವಾ ಮೇಲಿನ ಬೀಸುಗಾಳಿ ಅನುಕೂಲವಾದರೆ, ಸದ್ದು ಇಳಿದುಬರುವುದು. ಒಂದೇ ಬಗೆಯ ಹಾರಾಟ ಒಂದು ದಿನ ಊರನ್ನು ನಡುಗಿಸಿ ಮತ್ತೊಂದು ದಿನ ಯಾರಿಗೂ ಕೇಳಿಸದೆ ಹೋಗುವುದು ಹೀಗೆ. ಪ್ರಕಟನೆಯಲ್ಲಿದ್ದ “ವಾತಾವರಣದ ಸ್ಥಿತಿ” ಎಂಬ ಮಾತನ್ನು ಜಾರಿಕೆಯ ಉತ್ತರವೆಂದು ಅಂದು ಕೆಲವರು ನಕ್ಕರು. ಅದು ನಗತಕ್ಕ ಮಾತಲ್ಲ.

80 ಕಿಲೋಮೀಟರು ದೂರದಿಂದ ಸದ್ದು ಬರಲು ಹಿಡಿಯುವ ಹೊತ್ತನ್ನೂ ಲೆಕ್ಕಹಾಕಬಹುದು. ಮೇಲಿನ ಚಳಿಯನ್ನೂ ಕೆಳಗಿನ ಸೆಕೆಯನ್ನೂ ಸರಿದೂಗಿಸಿ ಸೆಕೆಂಡಿಗೆ 320 ಮೀಟರೆಂದು ಹಿಡಿದರೆ ನಾಲ್ಕು ನಿಮಿಷಗಳಿಗೂ ಸ್ವಲ್ಪ ಹೆಚ್ಚು. ಸದ್ದು ಕೇಳಿ ಮಾಳಿಗೆಗೆ ಓಡಿದವರಿಗೆ ಆಕಾಶದಲ್ಲಿ ಏನೂ ಕಾಣದೆ ಗಾಬರಿ ಹೆಚ್ಚಾದುದು ಸಹಜ. ವಿಮಾನ ಅಷ್ಟು ಹೊತ್ತಿಗೆ ಎಲ್ಲಿಯೋ.

ಇದೇ ಬಾಗುವಿಕೆ ನಮ್ಮ ದಿನದಿನದ ಬಾಳಿನಲ್ಲಿಯೂ ಇದೆ. ಮೈಸೂರಿನ ರೈಲುದಾರಿ ಆರ್‌ಪಿಸಿ ಲೇಔಟಿಗೆ ದೂರವಲ್ಲ. ಮಧ್ಯಾಹ್ನ ರೈಲಿನ ಕೂಗು ಮಂಕಾಗಿ ಕೇಳುವ ಮನೆಗಳಿಗೆ ಮಾಗಿಯ ಮುಂಜಾನೆ ಅದೇ ಕೂಗು ಹಿತ್ತಲಿನಿಂದಲೇ ಬಂದಂತೆ ಕೇಳುವುದುಂಟು. ಊರಿನ ಗದ್ದಲ ತಗ್ಗಿರುವುದು ಒಂದು ಕಾರಣ. ಇನ್ನೊಂದು, ಇರುಳೆಲ್ಲ ನೆಲ ತಣಿದು ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗೆ ಉಳಿದಿರುವುದು. ಆಗ ಬಾಗುವ ದಿಕ್ಕು ತಲೆಕೆಳಗಾಗಿ, ಮೇಲೆ ಹೋಗಬೇಕಾದ ಸದ್ದು ನೆಲದ ಕಡೆಗೆ ಮಗುಚಿಕೊಳ್ಳುವುದು. ಬಿಸಿಲೇರಿ ನೆಲ ಕಾದೊಡನೆ ಈ ಸೌಕರ್ಯ ಮುಗಿಯಿತು.

ಗುಡುಗಿನ ಕಥೆಯೂ ಇದರದೇ. ಏಪ್ರಿಲ್ ಮೇ ತಿಂಗಳ ಸಂಜೆ ದಿಗಂತದಲ್ಲಿ ಮಿಂಚು ಹೊಳೆಯುತ್ತಲೇ ಇದ್ದು ಗುಡುಗು ಮಾತ್ರ ಕೇಳದಿರುವುದನ್ನು ಎಲ್ಲರೂ ಕಂಡಿದ್ದಾರೆ. ಗುಡುಗಿಲ್ಲದ ಮಿಂಚು ಇಲ್ಲ. ಹದಿನೈದು ಇಪ್ಪತ್ತು ಕಿಲೋಮೀಟರಿನಾಚೆಯ ಗುಡುಗು ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲೆ ಹಾದುಹೋಗುವುದು. ಆದುದರಿಂದ ಗುಡುಗು ಕೇಳಿಸಿತೆಂದರೆ ಸಿಡಿಲಿನ ಮೋಡ ಆಗಲೇ ಹತ್ತಿರ ಬಂದಿದೆಯೆಂದೇ ಅರ್ಥ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರುಗಳಲ್ಲಿ ಸಿಕ್ಕುವುದು. ಇಲ್ಲಿ ಚಳಿ ಸೆಕೆಗಳ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಾದುದಿಲ್ಲ. ಮೂವತ್ತು ಎಣಿಸುವುದರೊಳಗೆ ಗುಡುಗು ಬಂದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿರುವವರೂ ಮೈದಾನದಲ್ಲಿರುವ ಮಕ್ಕಳೂ ಕೂಡಲೆ ಒಳಗೆ ಬರಬೇಕು. ಮರದಡಿ ನಿಲ್ಲಕೂಡದು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಳೆಯುವ ತನಕ ಹೊರಗೆ ಹೋಗದಿರುವುದು ಕ್ಷೇಮ.

ಸಂಗೀತದವರಿಗಂತೂ ಈ ವಿಷಯ ಗುರುಮುಖದಿಂದಲೇ ತಿಳಿದಿದೆ. ಕೊಳಲಿನ ಶ್ರುತಿಯು ಅದರೊಳಗಿನ ಗಾಳಿಯಲ್ಲಿ ಶಬ್ದ ಓಡುವ ವೇಗದಿಂದ ಗೊತ್ತಾಗುವುದು. 15 ಡಿಗ್ರಿಯಿಂದ 34 ಡಿಗ್ರಿಗೆ ಗಾಳಿ ಕಾದರೆ ಶ್ರುತಿಯು ಒಂದು ಸ್ವರಸ್ಥಾನದ ಅರ್ಧದಷ್ಟು ಏರಬೇಕು. ಊದುವವರ ಉಸಿರು ಒಳಗನ್ನು ಸದಾ ಬೆಚ್ಚಗಿಡುವುದರಿಂದ ಅಷ್ಟು ಏರುವುದಿಲ್ಲ, ಆದರೂ ಏರುವುದು. ತಂತಿಯ ವಾದ್ಯಗಳಿಗೆ ಸೆಕೆಯಲ್ಲಿ ತಂತಿ ಸಡಿಲಿ ಶ್ರುತಿ ಇಳಿಯುವುದು. 1939ರಲ್ಲಿ ಸ್ಥಾಪಿತವಾದ ಶ್ರೀ ರಾಮಸೇವಾ ಮಂಡಳಿಯವರು ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಬಯಲಿನಲ್ಲಿ ನಡೆಸುವ ರಾಮನವಮಿಯ ಕಚೇರಿಗಳು ಬೇಸಗೆಯ ಸಂಜೆಗಳಲ್ಲಿಯೇ ನಡೆಯುವುವು. ಅಂಥ ಕಡೆ ಕೊಳಲಿನವರು ಆರಂಭಕ್ಕೆ ಮುನ್ನ ವಾದ್ಯವನ್ನು ಊದಿ ಊದಿ ಬೆಚ್ಚಗೆ ಮಾಡಿಕೊಳ್ಳುವುದನ್ನೂ, ಪಿಟೀಲಿನವರು ನಡುನಡುವೆ ಬಿರಡೆ ತಿರುಗಿಸುವುದನ್ನೂ ನೋಡಿ ಬೇಸರಪಡುವ ಶ್ರೋತೃಗಳು, ಅವರಿಬ್ಬರನ್ನೂ ಗಾಳಿಯ ಕಾವು ಎದುರುಬದುರು ದಿಕ್ಕುಗಳಿಗೆ ಎಳೆಯುತ್ತಿದೆಯೆಂಬುದನ್ನು ನೆನೆಯಬಹುದು.

ಮನೆಯ ಮಕ್ಕಳಿಗೆ ಇದನ್ನು ಕಾಣಿಸಿಕೊಡಬೇಕೆಂದಿದ್ದರೆ ಯಂತ್ರವೇನೂ ಬೇಡ. ಆಟದ ಮೈದಾನವೊಂದರಲ್ಲಿ ದೊಡ್ಡ ಗೋಡೆಯೊಂದಕ್ಕೆ ಎದುರಾಗಿ, ಟೇಪು ಹಿಡಿದು ಅಳೆದ 85 ಮೀಟರು ದೂರದಲ್ಲಿ ನಿಂತು ಚಪ್ಪಾಳೆ ತಟ್ಟಬೇಕು. ಗೋಡೆಯಿಂದ ಬರುವ ಮರುದನಿಯ ಮೇಲೆಯೇ ಮುಂದಿನ ಚಪ್ಪಾಳೆ ಬೀಳುವಂತೆ ತಾಳ ಕೂಡಿಸಿಕೊಂಡರೆ, ಮರುದನಿ ಬೇರೆಯಾಗಿ ಕೇಳದೆ ಮಾಯವಾಗುವುದು. ಮೊದಲನೆಯ ಚಪ್ಪಾಳೆಯನ್ನು ಸೊನ್ನೆಯೆಂದು ಎಣಿಸಿ ಐವತ್ತರವರೆಗೆ ತಟ್ಟುವಷ್ಟರಲ್ಲಿ ಕಳೆದ ಹೊತ್ತನ್ನು ಇನ್ನೊಬ್ಬರು ಗಡಿಯಾರದಲ್ಲಿ ನೋಡಬೇಕು. ಅಷ್ಟರಲ್ಲಿ ಶಬ್ದ ಐವತ್ತು ಬಾರಿ ಹೋಗಿ ಬಂದು 8,500 ಮೀಟರು ನಡೆದಿರುವುದು. ಜನವರಿಯ ಮುಂಜಾನೆ ಇದಕ್ಕೆ 25 ಸೆಕೆಂಡುಗಳು ಹಿಡಿಯಬೇಕು. ಏಪ್ರಿಲಿನ ಸುಡುಬಿಸಿಲಿನಲ್ಲಿ 24.2. ಮುಕ್ಕಾಲು ಸೆಕೆಂಡಿನ ಈ ಅಂತರವನ್ನು ಇಂದಿನ ಯಾವ ಗಡಿಯಾರವಾದರೂ ತೋರಿಸುವುದು. ಆದರೆ ತಾಳ ತಪ್ಪಬಾರದು. ನಾಲ್ಕಾರು ಸಲ ಮಾಡಿ ಸರಾಸರಿ ತೆಗೆಯಬೇಕು. ಗಾಳಿ ಬೀಸುವ ದಿನ ಬೇಡ. ಏಪ್ರಿಲಿನ ಪ್ರಯೋಗಕ್ಕೆ ಹೋಗುವಾಗ ಮಕ್ಕಳ ತಲೆಗೆ ಟೋಪಿಯನ್ನೂ ಕೈಗೆ ನೀರಿನ ಸೀಸೆಯನ್ನೂ ಕೊಟ್ಟು ಕಳುಹಿಸುವುದು ಒಳ್ಳೆಯದು.